ಬೈಯಪ್ಪನಹಳ್ಳಿಯಿಂದ ಕಲ್ಕತ್ತದ ಸುರಂಗಕ್ಕೆ: ಮುಪ್ಪಾದ ರೈಲುಗಳ ಕಥೆ

ಹಳೆಯ ಪಂಪ್‌ಸೆಟ್ ಮೋಟಾರಿನ ಬೆನ್ನ ಮೇಲೆ, ಹೊಲದಂಚಿನ ಟ್ರಾನ್ಸ್‌ಫಾರ್ಮರ್‌ನ ಹೊಟ್ಟೆಯ ಮೇಲೆ ಹೊಡೆದ ಒಂದು ಸಣ್ಣ ಲೋಹದ ಫಲಕವನ್ನು ಕೊಣನೂರಿನ ಕಡೆಯ ಹಿರಿಯ ರೈತರು ನೋಡಿಯೇ ಇರುತ್ತಾರೆ. ಅದರ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರಗಳು: ಎನ್‌ಜಿಇಎಫ್. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿದ್ದ ರಾಜ್ಯ ಸರ್ಕಾರದ ವಿದ್ಯುತ್ ಉಪಕರಣಗಳ ಕಾರ್ಖಾನೆಯ ಹೆಸರಿದು. ಈ ಕಾರ್ಖಾನೆಯ ಸರಕು ನಮ್ಮ ಗದ್ದೆ ತೋಟಗಳಿಗೆ ನೀರೆತ್ತಿದ್ದು ಎಲ್ಲರಿಗೂ ಗೊತ್ತು. ಅದೇ ಕಾರ್ಖಾನೆಯ ಸರಕು ಭಾರತದ ಮೊತ್ತಮೊದಲ ಸುರಂಗ ರೈಲನ್ನು ನೆಲದಡಿಯಲ್ಲಿ ಓಡಿಸಿತು ಎಂಬುದು ಮಾತ್ರ ಕನ್ನಡಿಗರಲ್ಲಿ ಹೆಚ್ಚು ಜನಕ್ಕೆ ತಿಳಿಯದು.

1984ರ ಅಕ್ಟೋಬರ್ 24ರಂದು ಕಲ್ಕತ್ತದಲ್ಲಿ (ಈಗಿನ ಕೋಲ್ಕತ್ತ) ಎಸ್‌ಪ್ಲನೇಡ್‌ನಿಂದ ಭವಾನಿಪುರದವರೆಗಿನ 3.4 ಕಿಲೋಮೀಟರ್ ಸುರಂಗದಲ್ಲಿ ಆ ರೈಲು ಮೊದಲ ಬಾರಿಗೆ ಪ್ರಯಾಣಿಕರನ್ನು ಹೊತ್ತು ಸಾಗಿತು. ಬೋಗಿಯ ಮೈ ಮದ್ರಾಸಿನ ಪೆರಂಬೂರಿನಲ್ಲಿರುವ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯದು, ಅದನ್ನು ಓಡಿಸುವ ವಿದ್ಯುತ್ ಸಲಕರಣೆ ಬೆಂಗಳೂರಿನ ಎನ್‌ಜಿಇಎಫ್‌ನದು. ಆ ಪೀಳಿಗೆಯ ರೈಲುಗಳು 37 ವರ್ಷ ದುಡಿದವು. 2021ರ ಅಕ್ಟೋಬರ್ 24ರಂದು, ಅಂದರೆ ಮೊದಲು ಓಡಿದ ದಿನದ ವಾರ್ಷಿಕೋತ್ಸವದಂದೇ, ಅವುಗಳಿಗೆ ಕೋಲ್ಕತ್ತ ಮೆಟ್ರೊ ವಿಧ್ಯುಕ್ತವಾಗಿ ನಿವೃತ್ತಿ ಕೊಟ್ಟಿತು. ಹಿಂದೆ ಟಾಲಿಗಂಜ್ ಎಂದಿದ್ದ ಮಹಾನಾಯಕ ಉತ್ತಮಕುಮಾರ್ ನಿಲ್ದಾಣದಲ್ಲಿ ಪ್ರದರ್ಶನವೊಂದನ್ನು ಏರ್ಪಡಿಸಲಾಗಿತ್ತು. ಊರಿನವರಿಗೆ ಹಳೆಯ ಒಡನಾಡಿಯನ್ನು ಬೀಳ್ಕೊಟ್ಟ ಅನುಭವ.

ಬೆಂಗಳೂರಿನಲ್ಲಿ ಆ ದಿನ ಯಾರೂ ಏನನ್ನೂ ಬೀಳ್ಕೊಡಲಿಲ್ಲ. ಬೀಳ್ಕೊಡಲು ಕಾರ್ಖಾನೆಯೇ ಉಳಿದಿರಲಿಲ್ಲ. ರೈಲಿಗಿಂತ ಸುಮಾರು ಎರಡು ದಶಕ ಮೊದಲೇ ಅದನ್ನು ಮಾಡಿದವರ ಗೇಟಿಗೆ ಬೀಗ ಬಿದ್ದಿತ್ತು.

ಕಾವೇರಿ ದಂಡೆಯ ಕೊಣನೂರಿಗೆ ಈಗಲೂ ರೈಲು ಹಳಿ ಇಲ್ಲ. ರೈಲು ಹತ್ತಬೇಕೆಂದರೆ ಹೊಳೆನರಸೀಪುರಕ್ಕೋ ಹಾಸನಕ್ಕೋ ಬಸ್ಸು ಹಿಡಿಯಬೇಕು. ಅಂಥ ಊರಿನ ಓದುಗರ ಮುಂದೆ ನೆಲದಡಿಯ ರೈಲಿನ ಮುಪ್ಪಿನ ಮಾತೇಕೆ ಎಂದು ಕೇಳಬಹುದು. ಆದರೆ ಯಂತ್ರದ ಆಯುಷ್ಯ ಎಷ್ಟು, ಅದನ್ನು ನಿರ್ಧರಿಸುವವರು ಯಾರು, ದುಡಿದು ಸವೆದ ಮೇಲೆ ಅದರಲ್ಲಿ ಉಳಿಸಿಕೊಳ್ಳಬೇಕಾದ್ದು ಏನಾದರೂ ಇದೆಯೇ ಎಂಬ ಪ್ರಶ್ನೆಗಳು ಸುಟ್ಟ ಮೋಟಾರನ್ನು ವೈಂಡಿಂಗ್ ಅಂಗಡಿಗೆ ಹೊತ್ತು ಹೋಗಿರುವ ಯಾರಿಗೂ ಹೊಸವಲ್ಲ.

ಹಳತೊಂದಿತ್ತು, ಆದ್ದರಿಂದ ಹೊಸತು

ಎನ್‌ಜಿಇಎಫ್ ಎಂದರೆ ನ್ಯೂ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ. ‘ಹೊಸ’ ಎಂಬ ವಿಶೇಷಣ ಬಂದದ್ದು ಹಳೆಯದೊಂದು ಮೊದಲೇ ಇದ್ದುದರಿಂದ. ಮಹಾರಾಜರ ಕಾಲದಲ್ಲಿ, 1930ರ ದಶಕದಲ್ಲಿ, ಮೈಸೂರು ಸಂಸ್ಥಾನ ಸ್ಥಾಪಿಸಿದ ಸರ್ಕಾರಿ ವಿದ್ಯುತ್ ಕಾರ್ಖಾನೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿತ್ತು. ಮುಂದೆ ಅದೇ ಕವಿಕಾ, ಅಂದರೆ ಕರ್ನಾಟಕ ವಿದ್ಯುತ್ ಕಾರ್ಖಾನೆ, ಎಂದು ಹೆಸರಾಯಿತು. 1956ರಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಯೋಗದೊಡನೆ ಸರ್ಕಾರ ಇನ್ನೊಂದು ದೊಡ್ಡ ಕಾರ್ಖಾನೆಗೆ ಕೈಹಾಕಿತು. ಹಳೆ ಮದ್ರಾಸ್ ರಸ್ತೆಯ ಪಕ್ಕದಲ್ಲಿ, ಆಗ ಊರಿನ ಹೊರವಲಯವಾಗಿದ್ದ ಬೈಯಪ್ಪನಹಳ್ಳಿಯಲ್ಲಿ, ಅದು ಎದ್ದು ನಿಂತಿತು. ಟ್ರಾನ್ಸ್‌ಫಾರ್ಮರು, ಮೋಟಾರು, ಸ್ವಿಚ್‌ಗೇರುಗಳು ಅಲ್ಲಿಂದ ರಾಜ್ಯಕ್ಕೂ ದೇಶಕ್ಕೂ ಹೋದವು. ಅಲ್ಲಿ ನೌಕರಿ ಸಿಕ್ಕಿತೆಂದರೆ ಮನೆಯವರು ನಿಶ್ಚಿಂತೆಯಿಂದ ಹೆಣ್ಣು ನೋಡುತ್ತಿದ್ದ ಕಾಲವಿತ್ತು. ಕೈಗಾರಿಕೆ ಇಲ್ಲದ ಜಿಲ್ಲೆಗಳಿಂದ ಐಟಿಐ ಓದಿ ಬೆಂಗಳೂರಿಗೆ ಹೊರಟ ಹುಡುಗರ ಕಣ್ಣಿಗೆ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐ ಕಾರ್ಖಾನೆಗಳ ಜೊತೆಯಲ್ಲೇ ಎನ್‌ಜಿಇಎಫ್ ಕೂಡ ಕಾಣುತ್ತಿತ್ತು.

ಇತ್ತ ಕಲ್ಕತ್ತದ ಸಂಕಟ ಬೇರೆ. ಊರಿನ ವಿಸ್ತೀರ್ಣದಲ್ಲಿ ರಸ್ತೆಗಳ ಪಾಲು ಕೇವಲ ಶೇಕಡ 4.2. ಇತರ ಮಹಾನಗರಗಳಲ್ಲಿ ಅದು 25ರಿಂದ 30ರಷ್ಟು ಇರುತ್ತದೆ. ಮೇಲೆ ಜಾಗವಿಲ್ಲದಿದ್ದರೆ ಕೆಳಗೆ ಹೋಗಬೇಕು ಎಂಬ ಯೋಚನೆಯನ್ನು 1949ರ ಸುಮಾರಿಗೇ ಅಂದಿನ ಮುಖ್ಯಮಂತ್ರಿ ಬಿಧಾನಚಂದ್ರ ರಾಯ್ ಮುಂದಿಟ್ಟಿದ್ದರು. ಅದು ಕಾಗದದ ಮೇಲೆ ಗಟ್ಟಿಯಾಗಲು 20 ವರ್ಷಕ್ಕೂ ಹೆಚ್ಚು ಹಿಡಿಯಿತು. 1972ರ ಡಿಸೆಂಬರ್ 29ರಂದು ಇಂದಿರಾ ಗಾಂಧಿ ಶಂಕುಸ್ಥಾಪನೆ ಮಾಡಿದರು. ಆಮೇಲೆ ಹನ್ನೆರಡು ವರ್ಷ ಊರಿನ ನಡುಬೀದಿಯನ್ನೇ ಅಗೆದು, ಪೆಟ್ಟಿಗೆಯಾಕಾರದ ಕಾಂಕ್ರೀಟ್ ಸುರಂಗ ಕಟ್ಟಿ, ಮೇಲೆ ಮಣ್ಣು ಮುಚ್ಚುವ ಕೆಲಸ. ಕಲ್ಕತ್ತದವರ ತಾಳ್ಮೆಗೆ ಅದೊಂದು ಅಗ್ನಿಪರೀಕ್ಷೆ.

ವಿದೇಶಿ ವಿನಿಮಯಕ್ಕೆ ಕೈ ಬಿಗಿ ಹಿಡಿಯಬೇಕಾಗಿದ್ದ ದಿನಗಳವು. ಜಪಾನಿನಿಂದಲೋ ಜರ್ಮನಿಯಿಂದಲೋ ಇಡೀ ರೈಲನ್ನೇ ಕೊಂಡು ತರುವ ಮಾತು ದೂರ. ಹಾಗಾಗಿ ದೇಶದೊಳಗೇ ಮಾಡಬೇಕಾಯಿತು. ಆವರೆಗೆ ದೇಶದಲ್ಲಿ ಇಂಥ ರೈಲನ್ನು ಯಾರೂ ಮಾಡಿರಲಿಲ್ಲ. ಮುಂಬಯಿಯಲ್ಲಿ 1925ರಿಂದಲೂ ವಿದ್ಯುತ್ ಲೋಕಲ್ ರೈಲುಗಳು ಓಡುತ್ತಿದ್ದವು ನಿಜ, ಆದರೆ ಅವು ಬಯಲಿನಲ್ಲಿ ಓಡುವಂಥವು, ತಲೆಯ ಮೇಲಿನ ತಂತಿಯಿಂದ ವಿದ್ಯುತ್ ಹೀರುವಂಥವು, ಬಾಗಿಲಿಲ್ಲದಂಥವು. ಸುರಂಗದಲ್ಲಿ ತಂತಿಗೆ ಎತ್ತರವಿಲ್ಲ. ಅದಕ್ಕಾಗಿ ಹಳಿಯ ಪಕ್ಕದಲ್ಲಿ ಮೂರನೆಯ ಹಳಿಯೊಂದನ್ನು ಹಾಸಿ ಅದರಲ್ಲಿ 750 ವೋಲ್ಟ್ ಡಿಸಿ ವಿದ್ಯುತ್ ಹರಿಸಲಾಯಿತು. ಮುಂಬಯಿಯ ಲೋಕಲ್ ಬೋಗಿ 3.66 ಮೀಟರ್ ಅಗಲವಿದ್ದರೆ ಕಲ್ಕತ್ತದ ಸುರಂಗದ ಬೋಗಿ 2.74 ಮೀಟರ್. ಬಾಗಿಲುಗಳು ತಾವೇ ತೆರೆದು ತಾವೇ ಮುಚ್ಚಬೇಕು. ಎಂಟು ಬೋಗಿಗಳ ಒಂದು ರೈಲಿನಲ್ಲಿ ಎರಡೂವರೆ ಸಾವಿರ ಜನ ಹಿಡಿಸಬೇಕು. ಈ ಎಲ್ಲ ಷರತ್ತುಗಳ ನಡುವೆ ಪೆರಂಬೂರಿನವರು ಮೈ ಕೊಟ್ಟರು, ಬೈಯಪ್ಪನಹಳ್ಳಿಯವರು ಜೀವ ಕೊಟ್ಟರು.

ಈ ‘2.74’ ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಸುರಂಗ ರೈಲಿನ ಮುಪ್ಪು ಬೇರೆ ರೈಲುಗಳ ಮುಪ್ಪಿಗಿಂತ ಯಾಕೆ ಕಠಿಣ ಎಂಬುದರ ಗುಟ್ಟು ಅದರಲ್ಲಿದೆ.

ಸವೆಯುವುದು ಯಾವುದು?

ರೈಲೊಂದು ಹಳತಾಗುವುದು ಮೊದಲು ಕಣ್ಣಿಗೆ ಕಾಣುವ ಕಡೆಯಲ್ಲಿ: ಸೀಟು ಹರಿಯುತ್ತದೆ, ಬಣ್ಣ ಎದ್ದು ಬರುತ್ತದೆ, ಬಾಗಿಲಿನ ಕೆಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಇವೆಲ್ಲಕ್ಕೂ ಮದ್ದುಂಟು. ಕಣ್ಣಿಗೆ ಕಾಣದ ಕಡೆಯ ಮುಪ್ಪು ಮೂರು ಬಗೆಯದು.

ಮೊದಲನೆಯದು ಉಕ್ಕಿನ ದಣಿವು. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಾ ಹೋದರೆ ಕೊನೆಗೆ ಅದು ತಾನಾಗಿ ತುಂಡಾಗುತ್ತದಲ್ಲ, ಅದೇ ತತ್ವ. ದೂರದ ಊರಿಗೆ ಹೋಗುವ ಎಕ್ಸ್‌ಪ್ರೆಸ್ ಒಮ್ಮೆ ವೇಗ ಹಿಡಿದರೆ ಗಂಟೆಗಟ್ಟಲೆ ಅದೇ ವೇಗದಲ್ಲಿರುತ್ತದೆ. ಸುರಂಗ ರೈಲಿನ ಪಾಡು ಹಾಗಲ್ಲ. ಕಿಲೋಮೀಟರಿಗೊಮ್ಮೆ ನಿಲ್ಲಬೇಕು, ಮತ್ತೆ ಜಗ್ಗಿ ಹೊರಡಬೇಕು. ಸುಮ್ಮನೆ ಲೆಕ್ಕ ಹಾಕಿ ನೋಡಿ. ಒಂದು ಸರದಿಯಲ್ಲಿ 20 ನಿಲ್ದಾಣ, ದಿನಕ್ಕೆ 10 ಸರದಿ ಎಂದಿಟ್ಟುಕೊಂಡರೆ ದಿನಕ್ಕೆ 200 ಸಲ ಬ್ರೇಕು, 200 ಸಲ ಬಾಗಿಲು. ವರ್ಷಕ್ಕೆ 73 ಸಾವಿರ. 30 ವರ್ಷಕ್ಕೆ ಸುಮಾರು 22 ಲಕ್ಷ. ನಮ್ಮ ಮನೆಯ ಬಾಗಿಲು ಎಷ್ಟು ತಲೆಮಾರಿನಲ್ಲಿ ಅಷ್ಟು ಸಲ ತೆರೆದೀತು?

ಎರಡನೆಯದು ವಿದ್ಯುತ್ತಿನ ಭಾಗ. ಆ ಕಾಲದ ಡಿಸಿ ರೈಲುಗಳ ಕೆಲಸದ ರೀತಿ ಬಹಳ ಸರಳ, ಸ್ವಲ್ಪ ಒರಟು ಕೂಡ. ನಿಂತ ಮೋಟಾರಿಗೆ ಒಮ್ಮೆಲೇ ಪೂರ್ತಿ ವಿದ್ಯುತ್ ಕೊಟ್ಟರೆ ಅದು ಸುಟ್ಟೇ ಹೋಗುತ್ತದೆ. ಆದ್ದರಿಂದ ನಡುವೆ ಪ್ರತಿರೋಧಕಗಳನ್ನು ಸೇರಿಸಿ ವಿದ್ಯುತ್ತಿನ ರಭಸ ತಗ್ಗಿಸಬೇಕು. ವೇಗ ಏರಿದಂತೆ ಒಂದೊಂದೇ ಪ್ರತಿರೋಧಕವನ್ನು ಕಳಚುತ್ತಾ ಹೋಗಬೇಕು. ಹೊರಡುವಾಗ ಹಳೆಯ ರೈಲಿನಡಿಯಿಂದ ಕೇಳುವ ಟಕ್ ಟಕ್ ಸದ್ದು ಈ ಕಳಚುವಿಕೆಯದು. ತಡೆಹಿಡಿದ ವಿದ್ಯುತ್ತೆಲ್ಲ ಶಾಖವಾಗಿ ಸುರಂಗಕ್ಕೆ ಸೇರುತ್ತದೆ. ಮೋಟಾರಿನೊಳಗೆ ಕಾರ್ಬನ್ ಬ್ರಷ್‌ಗಳು ತಿಕ್ಕಿ ತಿಕ್ಕಿ ಸವೆಯುತ್ತವೆ, ತಾಮ್ರದ ಸುರುಳಿಯ ಮೇಲಿನ ಹೊದಿಕೆ ಬಿಸಿಗೆ ಒಣಗಿ ಪುಡಿಯಾಗುತ್ತದೆ. ಪಂಪ್‌ಸೆಟ್ಟಿನ ಮೋಟಾರಿಗೆ ಬರುವ ಕಾಯಿಲೆಯೇ, ಗಾತ್ರ ದೊಡ್ಡದು ಅಷ್ಟೆ. ಈಗಿನ ಮೆಟ್ರೊಗಳಲ್ಲಿ ಬ್ರಷ್ಷೇ ಇಲ್ಲದ ಎಸಿ ಮೋಟಾರುಗಳಿವೆ. ಬ್ರೇಕ್ ಹಾಕಿದಾಗ ಅವು ವಿದ್ಯುತ್ತನ್ನು ತಿರುಗಿ ಲೈನಿಗೆ ಕೊಡುತ್ತವೆ. ಹೀಗೆ ಹೊಸ ವಿದ್ಯೆ ಬಂದಾಗ ಹಳೆಯ ರೈಲು ಗಟ್ಟಿಮುಟ್ಟಾಗಿದ್ದರೂ ದುಬಾರಿಯಾಗಿಬಿಡುತ್ತದೆ.

ಮೂರನೆಯದೇ ನಿಜವಾದ ಮೃತ್ಯು: ಬಿಡಿಭಾಗ ಸಿಗದಿರುವುದು. ಭಾರತೀಯ ರೈಲ್ವೆಯ ಲೆಕ್ಕದಲ್ಲಿ ಪೆರಂಬೂರಿನ ಸಾಮಾನ್ಯ ಬೋಗಿಗೆ 25 ವರ್ಷ ಆಯುಷ್ಯ. ಆ ಲೆಕ್ಕದಲ್ಲಿ ಕಲ್ಕತ್ತದ ಮೊದಲ ಬೋಗಿಗಳು 2009ಕ್ಕೇ ಮನೆ ಸೇರಬೇಕಿತ್ತು. ಹವಾನಿಯಂತ್ರಿತ ರೈಲುಗಳು ಅಲ್ಲಿಗೆ ಬಂದದ್ದೇ 2010ರ ಅಕ್ಟೋಬರ್‌ನಲ್ಲಿ, ಅವೂ ಒಮ್ಮೆಗೇ ಸಾಕಷ್ಟು ಬರಲಿಲ್ಲ. ಹೀಗಾಗಿ ಹಳೆಯವನ್ನೇ ಮತ್ತೆ ಮತ್ತೆ ದುರಸ್ತಿ ಮಾಡಿ ಓಡಿಸುತ್ತಾ ಹೋದರು.

ಎಂಥ ಕಾಲದಲ್ಲಿ ಈ ದುರಸ್ತಿ ನಡೆಯಿತು ಎಂಬುದನ್ನು ಗಮನಿಸಬೇಕು. ಎನ್‌ಜಿಇಎಫ್‌ಗೆ ಜ್ಞಾನ ಕೊಟ್ಟ ಜರ್ಮನಿಯ ಎಇಜಿ 1982ರಲ್ಲೇ ದಿವಾಳಿಯ ಅಂಚಿಗೆ ಬಂದು, ಡೈಮ್ಲರ್ ಬೆನ್ಜ್ ಕೈಸೇರಿ, 1996ರಲ್ಲಿ ಕಂಪನಿಯಾಗಿ ಇಲ್ಲವಾಯಿತು. ಬೈಯಪ್ಪನಹಳ್ಳಿಯ ಕಾರ್ಖಾನೆ ನಷ್ಟದ ಮೇಲೆ ನಷ್ಟ ಹೊತ್ತು 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಹೀಗೆ ಕಲಿಸಿದವರೂ ಇಲ್ಲ, ಕಲಿತು ಮಾಡಿದವರೂ ಇಲ್ಲ, ಅವರು ಮಾಡಿದ ರೈಲು ಮಾತ್ರ ಓಡುತ್ತಲೇ ಇತ್ತು. ಇಂಥ ಸ್ಥಿತಿ ಬಂದಾಗ ಜಗತ್ತಿನ ಎಲ್ಲ ಕಾರ್‌ಶೆಡ್‌ಗಳೂ ಹಿಡಿಯುವ ದಾರಿ ಒಂದೇ. ಒಂದು ರೈಲನ್ನು ಬಲಿಕೊಟ್ಟು, ಅದರ ಅಂಗಾಂಗ ಕಿತ್ತು ಉಳಿದವನ್ನು ಬದುಕಿಸುವುದು. ಇದರಿಂದ ಕೊನೆಯ ರೈಲು ನಿಲ್ಲುವ ಹೊತ್ತಿಗೆ ಅದರಲ್ಲಿ ಮೂಲದ್ದು ಯಾವುದು, ಬೇರೆಯವುಗಳಿಂದ ಬಂದದ್ದು ಯಾವುದು ಎಂದು ಹೇಳುವುದೇ ಕಷ್ಟವಾಗಿರುತ್ತದೆ. ಸಂರಕ್ಷಣೆ ಮಾಡುವವರ ಮೊದಲ ತಲೆನೋವು ಇದು.

ಶತಾಯುಷಿಗಳೂ ಇದ್ದಾರೆ

ಕಲ್ಕತ್ತದ 37 ವರ್ಷ ದೊಡ್ಡದೆಂದು ಕಂಡರೂ ಜಗತ್ತಿನ ಲೆಕ್ಕದಲ್ಲಿ ಅದು ನಡುವಯಸ್ಸು. ನ್ಯೂಯಾರ್ಕಿನಲ್ಲಿ 1964ರಲ್ಲಿ ಬಂದ ಆರ್-32 ಎಂಬ ಸ್ಟೇನ್‌ಲೆಸ್ ಸ್ಟೀಲ್ ರೈಲುಗಳು 2022ರ ಜನವರಿಯವರೆಗೆ, ಅಂದರೆ 57 ವರ್ಷ, ಪ್ರಯಾಣಿಕರನ್ನು ಹೊತ್ತವು. ತುಕ್ಕು ಹಿಡಿಯದ ಉಕ್ಕಿನ ಮಹಿಮೆ ಎನ್ನೋಣ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನದು ಇನ್ನೂ ಸೋಜಿಗದ ಕಥೆ. 1913ರಲ್ಲಿ ಆ ಊರಿನ ಮೊದಲ ಸುರಂಗ ಮಾರ್ಗ ತೆರೆದಾಗ ಬೆಲ್ಜಿಯಮ್ಮಿನಿಂದ ತರಿಸಿದ ಮರದ ಮೈಯ ಬೋಗಿಗಳು 2013ರ ಜನವರಿಯವರೆಗೂ ಅದೇ ಸುರಂಗದಲ್ಲಿ ಓಡಿದವು. ಅಜ್ಜ ಕೂತ ಬೆಂಚಿನ ಮೇಲೆ ಮರಿಮಗ ಕೂತು ಕಚೇರಿಗೆ ಹೋದ ಉದಾಹರಣೆ ಬೇರೆಲ್ಲೂ ಸಿಗಲಾರದು.

ಲಂಡನ್ನಿನ 1938ರ ರೈಲುಗಳು ಇನ್ನೊಂದು ರೀತಿಯಲ್ಲಿ ಅದೃಷ್ಟವಂತ. 1988ರಲ್ಲಿ ಲಂಡನ್ ಅವುಗಳಿಗೆ ವಿದಾಯ ಹೇಳಿತು. ಅದೇ ಹೊತ್ತಿಗೆ ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ಎಂಬ ಪುಟ್ಟ ದ್ವೀಪದ ರೈಲು ಮಾರ್ಗಕ್ಕೆ ಗಾಡಿಗಳು ಬೇಕಾಗಿದ್ದವು. ಅಲ್ಲಿಯ ಸುರಂಗವೊಂದು ಎಷ್ಟು ತಗ್ಗೆಂದರೆ ಸಾಮಾನ್ಯ ರೈಲು ಅದರಲ್ಲಿ ತೂರುವುದಿಲ್ಲ, ಲಂಡನ್ನಿನ ಗಿಡ್ಡ ರೈಲು ತೂರುತ್ತದೆ. ನಿವೃತ್ತರು ಸಮುದ್ರ ದಾಟಿ ಮರುನೌಕರಿಗೆ ಸೇರಿ 2021ರ ಜನವರಿಯವರೆಗೆ ದುಡಿದರು. ಒಟ್ಟು ಸೇವೆ 80 ವರ್ಷಕ್ಕೂ ಹೆಚ್ಚು! ಲಂಡನ್ನಿನ ಸಾರಿಗೆ ವಸ್ತುಸಂಗ್ರಹಾಲಯ ಅದೇ ಪೀಳಿಗೆಯ ನಾಲ್ಕು ಬೋಗಿಗಳ ರೈಲೊಂದನ್ನು ಓಡುವ ಸ್ಥಿತಿಯಲ್ಲೇ ಇಟ್ಟುಕೊಂಡು ವಿಶೇಷ ದಿನಗಳಲ್ಲಿ ಓಡಿಸುತ್ತದೆ.

ಈಗ ಆ 2.74 ಮೀಟರಿಗೆ ಬರೋಣ. ಕಲ್ಕತ್ತದ ರೈಲಿಗೆ ಐಲ್ ಆಫ್ ವೈಟ್ ಸಿಗಲಿಲ್ಲ. ದೇಶದ ರೈಲ್ವೆಯ ಬಹುಪಾಲು ಅದೇ ಬ್ರಾಡ್ ಗೇಜ್ ಹಳಿಯ ಮೇಲೆ ಓಡುವುದಾದರೂ, ಆ ಹಳಿಗಳಲ್ಲಿ ಮೂರನೆಯ ಹಳಿಯ 750 ವೋಲ್ಟ್ ಬೇರೆಡೆ ಇರಲಿಲ್ಲ. ಪ್ಲಾಟ್‌ಫಾರ್ಮಿಗೂ ಬೋಗಿಗೂ ನಡುವಿನ ಸಂದು ಹೊಂದುತ್ತಿರಲಿಲ್ಲ. ಮುಂಬಯಿಯ ನಿಲ್ದಾಣದಲ್ಲಿ ಈ ಬೋಗಿ ನಿಂತರೆ ಜನ ಸಂದಿನಲ್ಲಿ ಬೀಳಬೇಕಾಗುತ್ತಿತ್ತು. ಸುರಂಗ ರೈಲೆಂದರೆ ಒಂದೇ ಊರಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಇನ್ನೊಬ್ಬರ ಮೈಗೆ ಅದು ಹಿಡಿಸುವುದಿಲ್ಲ. ಆದ್ದರಿಂದಲೇ ಅದರ ಮುಂದಿನ ಹಾದಿ ಸಾಮಾನ್ಯವಾಗಿ ಎರಡೇ, ಗುಜರಿ ಅಥವಾ ವಸ್ತುಸಂಗ್ರಹಾಲಯ. ಮೂರನೆಯ ಹಾದಿಯೊಂದನ್ನು ಅಮೆರಿಕನ್ನರು ಕಂಡುಹಿಡಿದರು. 2001ರಿಂದ ಸುಮಾರು ಒಂದು ದಶಕದಲ್ಲಿ ನ್ಯೂಯಾರ್ಕಿನ ಎರಡೂವರೆ ಸಾವಿರದಷ್ಟು ಹಳೆಯ ಬೋಗಿಗಳನ್ನು ಕಿಟಕಿ, ಸೀಟು, ಮೋಟಾರು ಎಲ್ಲ ಕಳಚಿ ಅಟ್ಲಾಂಟಿಕ್ ಸಮುದ್ರಕ್ಕೆ ತಳ್ಳಿದರು. ಮೀನುಗಳಿಗೆ ಮನೆಯಾಗಲಿ ಎಂದು! ಡೆಲಾವೇರ್ ತೀರದಾಚೆ ಮುಳುಗಿದ ಬೋಗಿಗಳ ಮೇಲೆ ಚಿಪ್ಪುಜೀವಿಗಳು ಬೆಳೆದು ಮೀನುಗಳು ನಿಜಕ್ಕೂ ಬಂದು ಸೇರಿದವು.

ಹಾಗೆಂದು ನ್ಯೂಯಾರ್ಕಿನವರು ಎಲ್ಲವನ್ನೂ ಮುಳುಗಿಸಿದರೆಂದು ಭಾವಿಸಬೇಕಿಲ್ಲ. ಬ್ರೂಕ್ಲಿನ್‌ನಲ್ಲಿ 1946ರಲ್ಲಿ ಮುಚ್ಚಿಹೋಗಿದ್ದ ಕೋರ್ಟ್ ಸ್ಟ್ರೀಟ್ ಎಂಬ ಸುರಂಗ ನಿಲ್ದಾಣವನ್ನೇ 1976ರಲ್ಲಿ ಸಾರಿಗೆ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಹಳಿಗಳಲ್ಲಿ ವಿದ್ಯುತ್ ಇನ್ನೂ ಇದೆ, ರೈಲುಗಳು ಪ್ಲಾಟ್‌ಫಾರ್ಮಿಗೆ ಒರಗಿ ನಿಂತಿವೆ. ಡಿಸೆಂಬರ್ ತಿಂಗಳಲ್ಲಿ 1930ರ ದಶಕದ ರೈಲೊಂದು ಅಲ್ಲಿಂದ ಹೊರಬಂದು ಸಾಮಾನ್ಯ ಪ್ರಯಾಣಿಕರನ್ನು ಹತ್ತಿಸಿಕೊಂಡು ಓಡುವ ಪದ್ಧತಿಯಿದೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಟೋಕಿಯೊದ ಕಥೆ. ಅಲ್ಲಿಯ ಮರುನೌಚಿ ಮಾರ್ಗದಲ್ಲಿ 1954ರಿಂದ ಕೆಂಪು ಬಣ್ಣದ ರೈಲುಗಳು ಓಡುತ್ತಿದ್ದವು. 1990ರ ದಶಕದಲ್ಲಿ ಅವಕ್ಕೆ ವಯಸ್ಸಾದಾಗ 131 ಬೋಗಿಗಳನ್ನು ಬ್ಯೂನಸ್ ಐರಿಸ್‌ಗೆ ಮಾರಲಾಯಿತು. ಅಳತೆ ಹೊಂದಿದ ಅಪರೂಪದ ಪ್ರಸಂಗ. ಬಾಗಿಲ ಮೇಲಿನ ಜಪಾನಿ ಅಕ್ಷರಗಳನ್ನು ಕೂಡ ಅಳಿಸದೆ ಸ್ಪ್ಯಾನಿಷ್ ಮಾತಾಡುವ ಊರಿನಲ್ಲಿ ಅವು ಮತ್ತೆ ಇಪ್ಪತ್ತು ವರ್ಷ ಓಡಿದವು. ಅಲ್ಲಿಯೂ ನಿವೃತ್ತಿಯ ಕಾಲ ಬಂದಾಗ, 2016ರಲ್ಲಿ, ಟೋಕಿಯೊ ಮೆಟ್ರೊ ಕಂಪನಿ ನಾಲ್ಕು ಬೋಗಿಗಳನ್ನು ಹಡಗಿನಲ್ಲಿ ಸ್ವದೇಶಕ್ಕೆ ತರಿಸಿಕೊಂಡಿತು. ತವರು ಬಿಟ್ಟ ಮಗಳು ಮರಳಿ ಬಂದಂತೆ. ಹಳೆಯ ತಂತ್ರಜ್ಞಾನವನ್ನು ಕಿರಿಯ ಎಂಜಿನಿಯರುಗಳು ಬಿಚ್ಚಿ, ಜೋಡಿಸಿ, ಕೈಯಾರೆ ಕಲಿಯಲಿ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಅದೇ ಊರಿನಲ್ಲಿ 1927ರ ಮೊದಲ ಸುರಂಗ ರೈಲಿನ 1001 ಸಂಖ್ಯೆಯ ಬೋಗಿಗೆ 2017ರಲ್ಲಿ ‘ಮಹತ್ವದ ಸಾಂಸ್ಕೃತಿಕ ಆಸ್ತಿ’ ಎಂಬ ಮಾನ್ಯತೆಯನ್ನು ಸರ್ಕಾರ ಕೊಟ್ಟಿತು. ನಮ್ಮಲ್ಲಿ ದೇವಾಲಯಕ್ಕೋ ಶಾಸನಕ್ಕೋ ಕೊಡುವ ಮರ್ಯಾದೆಯಂಥದು.

ಮೈಸೂರಿನ ಅಂಗಳದಲ್ಲಿ

ನಮ್ಮಲ್ಲಿ ಇಂಥ ಕೆಲಸ ನಡೆದೇ ಇಲ್ಲವೆಂದಲ್ಲ. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ 1977ರಲ್ಲಿ ತೆರೆದರೆ, ಎರಡೇ ವರ್ಷದಲ್ಲಿ, 1979ರಲ್ಲಿ, ಮೈಸೂರಿನ ರೈಲು ನಿಲ್ದಾಣದ ಬಳಿ ಇನ್ನೊಂದು ತೆರೆಯಿತು. ಹಾಸನ ಜಿಲ್ಲೆಯ ಶಾಲಾ ಪ್ರವಾಸಗಳಲ್ಲಿ ಮೃಗಾಲಯ, ಅರಮನೆ, ಚಾಮುಂಡಿಬೆಟ್ಟದ ನಡುವೆ ಅರ್ಧ ಗಂಟೆ ಅದಕ್ಕೂ ಮೀಸಲು. ಉಗಿ ಇಂಜಿನ್ನುಗಳು, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರು, ಎಲ್ಲಕ್ಕೂ ಮಿಗಿಲಾಗಿ 1899ರ ಮಹಾರಾಣಿಯವರ ಸಲೂನ್ ಬೋಗಿ ಅಲ್ಲಿದೆ. ಮಹಾರಾಜರ ಸಲೂನು ದೆಹಲಿಯಲ್ಲಿದೆ. ಗಂಡ ಅಲ್ಲಿ, ಹೆಂಡತಿ ಇಲ್ಲಿ ಎಂದು ಮಾರ್ಗದರ್ಶಕರು ನಗೆ ಹಾರಿಸುವುದಕ್ಕೆ ಒಳ್ಳೆಯ ಅವಕಾಶ.

ಮೈಸೂರಿನ ಸಂಗ್ರಹಾಲಯದ ನಿಜವಾದ ಜಾಣತನ ಅದು ತೆರೆದ ಕಾಲದಲ್ಲಿದೆ. 1979ರಲ್ಲಿ ಮೈಸೂರು ಸೀಮೆಯ ಮೀಟರ್ ಗೇಜ್ ಇನ್ನೂ ಬದುಕಿತ್ತು. ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ 1918ರಲ್ಲಿ ತೆರೆದ ಮಾರ್ಗದಲ್ಲಿ ಆ ಪುಟ್ಟ ಗಾಡಿಗಳೇ ಓಡುತ್ತಿದ್ದವು. ಹಾಸನದಿಂದ ಘಟ್ಟ ಇಳಿದು ಮಂಗಳೂರಿಗೆ ಹೋಗುವ ಮೀಟರ್ ಗೇಜ್ ಮಾರ್ಗ ತೆರೆದದ್ದೂ ಅದೇ 1979ರಲ್ಲೇ! 1990ರ ದಶಕದಲ್ಲಿ ಗೇಜ್ ಪರಿವರ್ತನೆಯ ಅಲೆ ಬಂದಾಗ ಈ ಕಡೆಯ ಸಣ್ಣ ಹಳಿಯನ್ನು ಕಿತ್ತು ದೊಡ್ಡ ಹಳಿ ಹಾಸಿದರು. ಹಳಿಯೇ ಹೋದ ಮೇಲೆ ಅದರ ಮೇಲಿನ ಗಾಡಿ ಎಷ್ಟು ಗಟ್ಟಿಯಿದ್ದರೇನು? ಕೆಲವು ಡೀಸೆಲ್ ಇಂಜಿನ್ನುಗಳು ಮ್ಯಾನ್ಮಾರ್‌ನಂಥ ಮೀಟರ್ ಗೇಜ್ ದೇಶಗಳಿಗೆ ಹೋದವು. ಮಿಕ್ಕ ಬಹುಪಾಲು ತೂಕದ ಲೆಕ್ಕದಲ್ಲಿ ಮಾರಾಟವಾಯಿತು. ಪರಿವರ್ತನೆ ಮುಗಿದ ಮೇಲೆ ಸಂಗ್ರಹಾಲಯ ಮಾಡಲು ಹೊರಟಿದ್ದರೆ ತುಂಬಿಸಲು ಎಷ್ಟು ಸಿಗುತ್ತಿತ್ತೋ ದೇವರೇ ಬಲ್ಲ.

ಇನ್ನೊಂದು ಮಾತು. ರಾಜರ ಬೋಗಿಯನ್ನು ಉಳಿಸುವುದು ಸುಲಭ, ಅದರ ಬೆಲೆಯನ್ನು ಯಾರಿಗೂ ವಿವರಿಸಬೇಕಿಲ್ಲ. ತೇಗ, ಹಿತ್ತಾಳೆ, ಕೆತ್ತನೆ, ಹಾಸಿಗೆ ಎಲ್ಲವೂ ತಾವೇ ಮಾತಾಡುತ್ತವೆ. ಸುರಂಗ ರೈಲಿನಲ್ಲಿ ಮೊದಲ ದರ್ಜೆ, ಎರಡನೇ ದರ್ಜೆ ಎಂಬುದಿಲ್ಲ, ಸಲೂನಿಲ್ಲ. ಉದ್ದಕ್ಕೆ ಒಂದು ಬೆಂಚು, ಮೇಲೆ ಹಿಡಿದುಕೊಳ್ಳಲು ಹಿಡಿ. ಗುಮಾಸ್ತ, ವಿದ್ಯಾರ್ಥಿ, ತರಕಾರಿ ಚೀಲದವಳು ಎಲ್ಲ ಒಂದೇ ಬೆಂಚಿನ ಮೇಲೆ. ಅದನ್ನು ಕಂಡವರಿಗೆ ‘ಇದರಲ್ಲೇನಿದೆ ಇಡುವಂಥದು’ ಎನಿಸುವುದು ಸಹಜ. 37 ವರ್ಷ ಒಂದು ಮಹಾನಗರವನ್ನು ಹೊತ್ತು ತಿರುಗಿದ್ದು ಆ ಬೆಂಚೇ ಎಂಬುದು ನೆನಪಾಗಬೇಕಾದರೆ ಅದು ಕಣ್ಣ ಮುಂದಿರಬೇಕು.

ಇಡುವುದಕ್ಕೂ ಕಷ್ಟಗಳಿವೆ, ಅದನ್ನು ಮರೆಮಾಚಬಾರದು. ಬೋಗಿಯೊಂದು ಹತ್ತಾರು ಟನ್ ತೂಕ, ಒಂದು ಸಾಧಾರಣ ಮನೆಯ ನಿವೇಶನಕ್ಕಿಂತ ಉದ್ದ. ಬಯಲಲ್ಲಿಟ್ಟರೆ ನಮ್ಮ ಮಳೆಗೆ ಹತ್ತು ವರ್ಷದಲ್ಲಿ ತಳ ಜರಡಿಯಾಗುತ್ತದೆ. ವರ್ಷ ವರ್ಷ ಬಣ್ಣ ಬಳಿಯುತ್ತಾ ಹೋದರೆ ಮೂಲ ಬಣ್ಣ ಯಾವುದಿತ್ತೆಂಬುದೇ ಮರೆತುಹೋಗುತ್ತದೆ. ಮಕ್ಕಳು ಹತ್ತಿ ಆಡುವ ವಸ್ತುವಾದರಂತೂ ಹಿಡಿ, ಗುಂಡಿ, ಫಲಕಗಳು ಒಂದೊಂದೇ ಮಾಯ. ಗುಜರಿಯವರ ಕಣ್ಣು ಮೊದಲು ಬೀಳುವುದು ಮೋಟಾರಿನ ಮೇಲೆ, ಯಾಕೆಂದರೆ ಅದರಲ್ಲಿ ತಾಮ್ರವಿದೆ. ಹೀಗಾಗಿ ಬಹಳ ಕಡೆ ಉಳಿಯುವುದು ಬೋಗಿಯ ಚಿಪ್ಪು ಮಾತ್ರ. ಒಳಗಿನ ಜೀವ, ಅಂದರೆ ಕಲ್ಕತ್ತದ ರೈಲಿನ ಮಟ್ಟಿಗೆ ಬೈಯಪ್ಪನಹಳ್ಳಿಯ ಭಾಗ, ಕರಗಿಹೋಗುತ್ತದೆ. ಇಡೀ ಬೋಗಿಯನ್ನು ಕರ್ನಾಟಕಕ್ಕೆ ತರಿಸುವುದು ದುಬಾರಿಯೆನಿಸಿದರೆ ಆ ಪೀಳಿಗೆಯ ವಿದ್ಯುತ್ ಸಲಕರಣೆಯ ಒಂದು ತುಂಡನ್ನಾದರೂ, ಕಾರ್ಖಾನೆಯ ಫಲಕ ಸಮೇತ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಜನ ನೋಡುವಲ್ಲಿ ಇಡುವುದು ಅಸಾಧ್ಯದ ಮಾತೇನಲ್ಲ. ಟೋಕಿಯೊದವರು ಭೂಗೋಳದ ಇನ್ನೊಂದು ಬದಿಯಿಂದ ತರಿಸಿಕೊಂಡರು. ಹೌರಾದಿಂದ ಬೆಂಗಳೂರಿಗೆ ದಿನಾ ರೈಲಿದೆ.

ಎನ್‌ಜಿಇಎಫ್ ಆವರಣದ ಮುಂದಿನ ಕಥೆಯೂ ವಿಚಿತ್ರ. ಬಾಗಿಲು ಮುಚ್ಚಿದ ಮೇಲೆ ಅಲ್ಲಿಯ ಬೃಹತ್ ಶೆಡ್ಡುಗಳಲ್ಲಿ ಗಿಡಮರ ಬೆಳೆದು, ಸಿನಿಮಾದವರು ಹೊಡೆದಾಟದ ದೃಶ್ಯಗಳನ್ನು ಚಿತ್ರೀಕರಿಸತೊಡಗಿದರು. ಅದಕ್ಕೆ ಹೊಂದಿಕೊಂಡ ನೆಲದಲ್ಲೇ ಬೆಂಗಳೂರಿನ ‘ನಮ್ಮ ಮೆಟ್ರೊ’ದ ಬೈಯಪ್ಪನಹಳ್ಳಿ ಡಿಪೊ ತಲೆಯೆತ್ತಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಮೊದಲ ರೈಲು ಹೊರಟಾಗ, ಕಲ್ಕತ್ತದ ಸುರಂಗಕ್ಕೆ ಸಲಕರಣೆ ಮಾಡಿ ಕಳಿಸಿದ ಊರು ತನ್ನ ಸ್ವಂತ ಮೆಟ್ರೊವನ್ನು 27 ವರ್ಷ ತಡವಾಗಿ ಕಂಡಿತು. ಅದೂ ಮೊದಲು ಕಂಬಗಳ ಮೇಲೆ. ನೆಲದಡಿಯ ಭಾಗ ತೆರೆಯುವುದಕ್ಕೆ 2016ರ ಏಪ್ರಿಲ್ ಕೊನೆಯವರೆಗೂ ಕಾಯಬೇಕಾಯಿತು.

ಆ ಮೊದಲ ರೈಲುಗಳನ್ನು ಮಾಡಿದ್ದು ಬೆಂಗಳೂರಿನದೇ ಆದ ಬಿಇಎಂಎಲ್, ಕೊರಿಯಾದ ಹ್ಯುಂಡೈ ರೋಟೆಮ್ ಜೊತೆಗೂಡಿ. ಎಚ್‌ಎಎಲ್‌ನ ರೈಲು ಬೋಗಿ ವಿಭಾಗದಿಂದ 1964ರಲ್ಲಿ ಬೇರ್ಪಟ್ಟು ಹುಟ್ಟಿದ ಈ ಕಾರ್ಖಾನೆ ಅದಕ್ಕೂ ಮೊದಲೇ ದೆಹಲಿ ಮೆಟ್ರೊಗೆ ಬೋಗಿ ಕಟ್ಟಿಕೊಟ್ಟು ಕೈ ಪಳಗಿಸಿಕೊಂಡಿತ್ತು. ದೆಹಲಿಯಲ್ಲಿ 2002ರಿಂದ 2007ರ ನಡುವೆ ಬಂದ 70 ರೈಲುಗಳಿಗೆ ಈಗಾಗಲೇ ನಡುವಯಸ್ಸಿನ ಚಿಕಿತ್ಸೆ ಶುರುವಾಗಿದೆ. ನೆಲಹಾಸು, ವೈರಿಂಗ್, ಪ್ರಯಾಣಿಕರ ಮಾಹಿತಿ ಫಲಕ ಎಲ್ಲ ಬದಲಾಗುತ್ತಿವೆ. ಈ ತಲೆಮಾರಿನ ಮೆಟ್ರೊ ಬೋಗಿಗೆ ಅಂದಾಜು 30 ವರ್ಷ ಎಂದು ಆಯುಷ್ಯ ಕಟ್ಟುತ್ತಾರೆ. ಆ ಲೆಕ್ಕದಲ್ಲಿ ದೆಹಲಿಯ ಮೊದಲ ರೈಲುಗಳು 2032ಕ್ಕೆ, ಬೆಂಗಳೂರಿನವು 2041ಕ್ಕೆ ಕಲ್ಕತ್ತದ ಅಣ್ಣಂದಿರ ದಾರಿ ಹಿಡಿಯಬೇಕು.

ಬೆಂಗಳೂರಿನ ಮೊದಲ ಹಂತಕ್ಕೆ ಬಂದದ್ದು ಮೂರು ಮೂರು ಬೋಗಿಗಳ 50 ರೈಲುಗಳು. ಜನ ಹೆಚ್ಚಿದಂತೆ ಮತ್ತೆ 150 ಬೋಗಿ ತರಿಸಿ, 2018ರಿಂದ ಒಂದೊಂದೇ ರೈಲನ್ನು ನಡುವೆ ಬಿಚ್ಚಿ ಆರು ಬೋಗಿಗೆ ಹಿಗ್ಗಿಸಲಾಯಿತು. 2011ರಲ್ಲಿ ಊರಿಗೆ ಊರೇ ನೂಕುನುಗ್ಗಲಿನಲ್ಲಿ ಹತ್ತಿ ಕೂತ ಆ ಮೂರು ಬೋಗಿಗಳ ಪುಟ್ಟ ರೈಲು ಆ ರೂಪದಲ್ಲಿ ಈಗ ಫೋಟೋಗಳಲ್ಲಿ ಮಾತ್ರ ಸಿಗುತ್ತದೆ. ಅಂದು ಮೊದಲು ಹೊರಟ ಬೋಗಿಗಳ ಸಂಖ್ಯೆ ಯಾವುದು, ಅವು ಇಂದು ಯಾವ ರೈಲಿನ ನಡುವೆ ಸೇರಿಕೊಂಡಿವೆ ಎಂಬುದನ್ನು ಬಲ್ಲವರು ಬೈಯಪ್ಪನಹಳ್ಳಿಯ ಡಿಪೊದಲ್ಲಿ ಇನ್ನೂ ಕೆಲಸದಲ್ಲಿರುವಾಗಲೇ ಅದನ್ನು ಒಂದು ರಿಜಿಸ್ಟರಿನಲ್ಲಿ ಬರೆಸಿಡಬಹುದು.